ಸುಳ್ಳು, ಕಳ್ಳತನ ಮತ್ತು ಕಾಂಟ್: ಅಳಿಸಿ ನೋಡುವ ಉಪಾಯ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಓದುವವರಿಗೆ ಎಥಿಕ್ಸ್ (ನೀತಿಶಾಸ್ತ್ರ) ಅಂದರೆ ಜಿಎಸ್, ಅಂದರೆ ಸಾಮಾನ್ಯ ಅಧ್ಯಯನದ ನಾಲ್ಕನೇ ಪೇಪರ್. ಐಎಎಸ್‌ನಂಥ ಹುದ್ದೆಗಳ ಯುಪಿಎಸ್‌ಸಿ ಮೇನ್ಸ್‌ಗೆ (ಮುಖ್ಯ ಪರೀಕ್ಷೆಗೆ) ಅದು ಬಂದಿದ್ದು 2013ರಲ್ಲಿ, 250 ಅಂಕಕ್ಕೆ. ತತ್ವಜ್ಞಾನಿಗಳಲ್ಲಿ ಬೆಂಥಮ್ ಅಂದರೆ ಹೆಚ್ಚು ಜನರ ಹೆಚ್ಚು ಸುಖ, ಕಾಂಟ್ ಅಂದರೆ ಕರ್ತವ್ಯ, ಅರಿಸ್ಟಾಟಲ್ ಅಂದರೆ ಸದ್ಗುಣ. ಇಷ್ಟು ಎಲ್ಲರಿಗೂ ಬಾಯಿಪಾಠ, ಮತ್ತೆ ಬರೆಯುವುದಿಲ್ಲ. ಕೇಸ್ ಸ್ಟಡಿ ಮುಂದೆ ಬಂದಾಗ ಕೈಕೊಡುವವನು ಕಾಂಟ್. ಹಾಗಾಗಿ ಈ ಟಿಪ್ಪಣಿ ಬಹುಪಾಲು ಅವನದ್ದೇ.

ಎಲ್ಲರೂ ಹಾಗೇ ಮಾಡಿದರೆ?

ಕಾಂಟ್ 1785ರಲ್ಲಿ ಕೊಟ್ಟ ಪರೀಕ್ಷೆ ಇದು: ನೀವು ಮಾಡಹೊರಟ ಕೆಲಸವನ್ನು ಒಂದು ನಿಯಮವಾಗಿ ಬರೆಯಿರಿ. ಅದನ್ನು ಎಲ್ಲರೂ ಪಾಲಿಸುವ ಲೋಕ ಕಲ್ಪಿಸಿಕೊಳ್ಳಿ. ಆ ಲೋಕದಲ್ಲಿ ನಿಮ್ಮ ಕೆಲಸ ನಡೆಯುತ್ತದಾ ನೋಡಿ.

ಇಲ್ಲೇ ಎಡವುವುದು. "ಎಲ್ಲರೂ ಸುಳ್ಳು ಹೇಳಿದರೆ ಸಮಾಜ ಹಾಳಾಗುತ್ತದೆ, ಆದ್ದರಿಂದ ತಪ್ಪು" ಎಂದು ಬರೆದರೆ ಅದು ಕಾಂಟ್ ಅಲ್ಲ. ಪರಿಣಾಮ ಲೆಕ್ಕ ಹಾಕಿದ್ದೀರಿ, ಅಂದರೆ ಬೆಂಥಮ್ ಮನೆಗೆ ಹೋದಿರಿ. ಸಮಾಜ ಹಾಳಾಗುತ್ತದೋ ಇಲ್ಲವೋ ಎಂದು ಕಾಂಟ್ ಕೇಳುವುದೇ ಇಲ್ಲ. ನಿಮ್ಮ ನಿಯಮ ತನ್ನನ್ನು ತಾನೇ ಮುರಿದುಕೊಳ್ಳುತ್ತದಾ ಎಂದು ಕೇಳುತ್ತಾನೆ.

ಅವನದ್ದೇ ಉದಾಹರಣೆ, ವಾಪಸ್ ಕೊಡಲು ಆಗಲ್ಲ ಎಂದು ಗೊತ್ತಿದ್ದೂ ಕೊಡುತ್ತೇನೆ ಎಂದು ಮಾತು ಕೊಟ್ಟು ಸಾಲ ಪಡೆಯುವುದು. "ಊರಿಂದ ರೊಕ್ಕ ಬಂದ ಕೂಡ್ಲೇ ಕೊಡ್ತೀನೋ" ಎಂದು ರೂಮ್‌ಮೇಟ್ ಹತ್ತಿರ ಕೇಳುವುದು ಅಂದುಕೊಳ್ಳಿ. ರೊಕ್ಕ ಬೇಕಾದವರೆಲ್ಲ ಹೀಗೇ ಸುಳ್ಳು ಮಾತು ಕೊಡುವ ಲೋಕದಲ್ಲಿ ಆ ಮಾತು ಕೇಳಿ ಎಲ್ಲರೂ ನಗುತ್ತಾರೆ, ಸಾಲ ಸಿಗುವುದಿಲ್ಲ. ಸುಳ್ಳು ನಡೆಯಬೇಕಾದರೆ ನಂಬಿಕೆ ಇರಬೇಕು, ನಿಮ್ಮ ನಿಯಮ ಅದನ್ನೇ ತೆಗೆದುಹಾಕುತ್ತದೆ. ವಿರೋಧ ಇರುವುದು ಇಲ್ಲಿ.

ಇನ್ನೊಂದು ಸಣ್ಣ ಸುಳ್ಳು. ಹಾವೇರಿ ಕಡೆಯ ಹಳ್ಳಿಯಿಂದ ಅವ್ವ ಫೋನ್ ಮಾಡಿ "ಊಟ ಮಾಡಿಯೇನಪಾ?" ಅಂತಾಳೆ. ಮಗ ಹೊಟ್ಟೆ ಖಾಲಿ ಇದ್ದರೂ "ಹೂನವ್ವಾ, ಆತು" ಅಂತಾನೆ. ಅವಳಿಗೆ ಚಿಂತೆ ಆಗಬಾರದು ಎಂಬುದೇ ಉದ್ದೇಶ. ಇದನ್ನು ಕಲ್ಪಿಸಿಕೊಳ್ಳುವ ಕಷ್ಟವೂ ಇಲ್ಲ, ಹಾಸ್ಟೆಲ್ ಮಕ್ಕಳೆಲ್ಲ ಇದನ್ನೇ ಹೇಳುತ್ತಾರೆ. ಅದಕ್ಕೇ ಅವ್ವಂದಿರು ಮೊದಲನೇ ಉತ್ತರ ನಂಬದೆ "ಖರೇ ಹೇಳು" ಎಂದು ಮತ್ತೆ ಕೇಳುವುದು. ಚಿಂತೆ ಹೋಗಲಿಲ್ಲ, ಸುಳ್ಳು ಮಾತ್ರ ಖರ್ಚಾಯಿತು.

ನಿಯಮವನ್ನು ಎಷ್ಟು ಉದ್ದ ಬರೆಯಬೇಕು?

ಜಾಣರು ಕೇಳುವ ಪ್ರಶ್ನೆ ಇದು. "ಮಂಗಳವಾರ, ಮಳೆ ಬರುವಾಗ, ಸಪ್ತಾಪುರದಲ್ಲಿ ಮಾತ್ರ, ರೊಕ್ಕ ಬೇಕಾದಾಗ ಸುಳ್ಳು ಹೇಳುತ್ತೇನೆ" ಎಂದು ನಿಯಮ ಬರೆದರೆ? ಎಲ್ಲರೂ ಪಾಲಿಸಿದರೂ ಲೋಕದ ನಂಬಿಕೆ ಕೆಡುವುದಿಲ್ಲ. ಪರೀಕ್ಷೆ ಪಾಸು! ಹಾಗಾದರೆ ಯಾವ ಕಳ್ಳನಾದರೂ ಪಾರಾಗಬಹುದಲ್ವಾ?

ಇದಕ್ಕೆ ನನ್ನ ಮೆಚ್ಚಿನ ಉಪಾಯ, ಅಳಿಸಿ ನೋಡುವುದು. ಒಂದೊಂದೇ ಮಾತು ಅಳಿಸುತ್ತಾ ಹೋಗಿ. ಮಂಗಳವಾರದ ಬದಲು ಬುಧವಾರ ಆಗಿದ್ದರೆ ಸುಳ್ಳು ಬಿಡುತ್ತಿದ್ದಿರಾ? ಇಲ್ಲ. ಅಳಿಸಿ. ಮಳೆ ಇಲ್ಲದಿದ್ದರೆ? ಆಗಲೂ ಹೇಳುತ್ತಿದ್ದಿರಿ. ಅಳಿಸಿ. ಕೊನೆಗೆ ಉಳಿಯುವುದು "ರೊಕ್ಕ ಬೇಕಾದಾಗ ಸುಳ್ಳು ಹೇಳುತ್ತೇನೆ". ಅದೇ ನಿಮ್ಮ ನಿಜವಾದ ನಿಯಮ, ಪರೀಕ್ಷೆ ಅದಕ್ಕೆ. ಯಾವ ಮಾತು ಅಳಿಸಿದರೆ ನಿಮ್ಮ ನಡೆಯೇ ಬದಲಾಗುತ್ತದೋ ಅದನ್ನು ಮಾತ್ರ ಉಳಿಸಬೇಕು.

ಸುಮ್ಮನಿದ್ದರೆ ಸುಳ್ಳಾ?

1797ರ ಪ್ರಬಂಧದಲ್ಲಿ ಕಾಂಟ್, ಗೆಳೆಯನನ್ನು ಕೊಲ್ಲಲು ಬಾಗಿಲಿಗೆ ಬಂದವನಿಗೂ ಸುಳ್ಳು ಹೇಳಬಾರದು ಎನ್ನುತ್ತಾನೆ. ನನಗೆ ಇದು ಒಪ್ಪಿಗೆಯಿಲ್ಲ. ಆದರೆ ಅಲ್ಲಿ ಒಂದು ಷರತ್ತು ಇದೆ, ನೋಟ್ಸ್‌ಗಳಲ್ಲಿ ಇದು ಬಿಟ್ಟುಹೋಗಿರುತ್ತದೆ: ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾದ ಇಕ್ಕಟ್ಟಿನ ಮಾತು ಅದು. ಸುಮ್ಮನಿರುವ ದಾರಿ ಇದ್ದರೆ ಪ್ರಶ್ನೆಯೇ ಬೇರೆ.

ಸುಮ್ಮನಿರುವುದೇ ಕಳ್ಳತನ ಆಗಬಹುದು. ಗದಗ–ಹುಬ್ಬಳ್ಳಿ ಬಸ್‌. ಚಿಲ್ಲರೆ ಇಲ್ಲದೆ ಕಂಡಕ್ಟರ್ ಟಿಕೆಟ್ ಹಿಂದೆ 40 ಎಂದು ಬರೆದುಕೊಟ್ಟರು. ಹುಬ್ಬಳ್ಳಿಯಲ್ಲಿ ಇಳಿಯುವ ಗಡಿಬಿಡಿಯಲ್ಲಿ 90 ಕೈಗಿಟ್ಟರು. ನೀವು ಬಾಯಿ ಬಿಡದೆ ಇಳಿದಿರಿ. ಒಂದು ಸುಳ್ಳೂ ಹೇಳಿಲ್ಲ.

1788ರ ಪುಸ್ತಕದಲ್ಲಿ ಕಾಂಟ್ ಇಂಥದ್ದೇ ಎತ್ತಿಕೊಳ್ಳುತ್ತಾನೆ: ಒಬ್ಬ ಹಣ ಇಡಲು ಕೊಟ್ಟು ಸತ್ತ, ಕಾಗದ ಪತ್ರ ಏನೂ ಇಲ್ಲ. ಇಟ್ಟುಕೊಳ್ಳಬಹುದಾ? ಸಾಬೀತು ಮಾಡಲಾಗದ್ದನ್ನು ಎಲ್ಲರೂ ಇಟ್ಟುಕೊಂಡರೆ, ಹಣ ಇಡಲು ಕೊಡುವವರೇ ಇರುವುದಿಲ್ಲ. ಬಸ್ಸಿನಲ್ಲೂ ಅಷ್ಟೇ. ತಪ್ಪಿ ಬಂದದ್ದನ್ನು ಎರಡೂ ಕಡೆಯವರು ಇಟ್ಟುಕೊಳ್ಳುವ ಲೋಕದಲ್ಲಿ ಟಿಕೆಟ್ ಹಿಂದೆ ಬರೆಯುವ ಪದ್ಧತಿ ಒಂದು ವಾರವೂ ಬಾಳುವುದಿಲ್ಲ.

ಉಳಿದವರದ್ದು ಚುಟುಕಾಗಿ. ಬೆಂಥಮ್ ಲೆಕ್ಕದಲ್ಲಿ ನಿಮಗೆ 50 ರೂಪಾಯಿ ಲಾಭ, ಆದರೆ ಲೆಕ್ಕ ಒಪ್ಪಿಸುವಾಗ ಕಡಿಮೆ ಬಿದ್ದದ್ದನ್ನು ಕಂಡಕ್ಟರ್ ಕೈಯಿಂದ ತುಂಬಬೇಕು. ಬೆಂಥಮ್ ಹಾದಿಯವನೇ ಆದ ಮಿಲ್, ಪ್ರಾಣ ಉಳಿಸುವ ಅನ್ನ, ಔಷಧಿ ಕದಿಯುವುದು ಕರ್ತವ್ಯವೂ ಆಗಬಹುದು ಅಂತಾನೆ. ಇಲ್ಲಿ ಅಂಥ ಪ್ರಾಣಸಂಕಟವೇನಿಲ್ಲ. ಇನ್ನು ಅರಿಸ್ಟಾಟಲ್. ಅತಿಯೂ ಬೇಡ, ಕೊರತೆಯೂ ಬೇಡ ಎಂಬ ಅವನ ಮಧ್ಯಮ ಮಾರ್ಗವನ್ನು ಎಲ್ಲದಕ್ಕೂ ಹಚ್ಚಬೇಡಿ. ಕಳ್ಳತನ, ಕೊಲೆ, ವ್ಯಭಿಚಾರಕ್ಕೆ ಮಧ್ಯಮ ಎಂಬುದೇ ಇಲ್ಲ ಎಂದು ಅವನೇ ಹೇಳಿದ್ದಾನೆ. ಮಿತವಾಗಿ ಕದ್ದೆ ಎಂದು ಬರೆದರೆ ಅಂಕ ಹೋದಂತೆಯೇ.

ಝೆರಾಕ್ಸ್ ನೋಟ್ಸ್

ನಾವು ಎಥಿಕ್ಸ್ ಓದುವುದೇ ಝೆರಾಕ್ಸ್ ನೋಟ್ಸ್‌ನಿಂದ ಎಂಬುದು ತಮಾಷೆ. ಕಾನೂನು ಬೇರೆ ವಿಷಯ. 2016ರಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದದ್ದು ವಿಶ್ವವಿದ್ಯಾಲಯದ ಪಾಠಕ್ಕಾಗಿ ಮಾಡುವ ನಕಲನ್ನು. ಕೋಚಿಂಗ್‌ನವರು ಮಾರುವ ನೋಟ್ಸ್ ಆ ಪ್ರಕರಣದಲ್ಲಿ ಇರಲಿಲ್ಲ.

"ಮಾರುವ ನೋಟ್ಸನ್ನು ದುಡ್ಡು ಕೊಡದೆ ನಕಲು ಮಾಡುತ್ತೇನೆ." ಎಲ್ಲರೂ ಹೀಗೆ ಮಾಡಿದರೆ ಮಾರಲು ಯಾರೂ ಬರೆಯುವುದಿಲ್ಲ, ನಕಲಿಗೂ ಏನೂ ಸಿಗದು. ಫೇಲು. "ಕೊಳ್ಳಲು ಶಕ್ತಿ ಇಲ್ಲದಾಗ ಮಾತ್ರ" ಎಂದು ಸೇರಿಸಿದರೆ? ಈಗ ಅಳಿಸಿ ನೋಡಿ. ನಾಳೆ ದುಡ್ಡು ಬಂದರೂ ಝೆರಾಕ್ಸೇ ಮಾಡಿಸುವವರು ಆ ಮಾತು ತೆಗೆಯಬೇಕು. ನಿಜಕ್ಕೂ ಕೊಳ್ಳುವವರು ಉಳಿಸಿಕೊಳ್ಳಬಹುದು. ಆಗ ಶಕ್ತಿ ಇದ್ದವರು ಕೊಳ್ಳುತ್ತಲೇ ಇರುತ್ತಾರೆ, ನಿಯಮ ಮುರಿಯುವುದಿಲ್ಲ. ಆದರೆ ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂಬ ಕಾಂಟ್‌ನ ಇನ್ನೊಂದು ಸೂತ್ರ ಬಾಕಿ ಇದೆ: ಬರೆದವರನ್ನು ಒಂದು ಮಾತು ಕೇಳಿದ್ದೇವಾ? ಉತ್ತರಪತ್ರಿಕೆಯಲ್ಲಿ ಇದಕ್ಕೂ ಎರಡು ಸಾಲು ಜಾಗ ಬಿಡಿ.