ನೋವು ಬೆರಳಲ್ಲಿ, ತೂಕ ಯಾಕೆ ಇಳಿಸಬೇಕು?

ಪ್ರಶ್ನೆ: ನನಗೆ 46 ವರ್ಷ. ವಿರಾಜಪೇಟೆ ಕಡೆ ತೋಟದ ಮನೆ. ರುಮಟಾಯ್ಡ್ ಸಂಧಿವಾತ ಇದೆ. ಬೆಳಿಗ್ಗೆ ಕಡಂಬುಟ್ಟು ಉಂಡೆ ಕಟ್ಟಲೂ ಬೆರಳು ಮಡಚುವುದಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು, ತೂಕ ಇಳಿಸಿ ಅಂದರು. ನಾನೇನು ಬೆರಳ ಮೇಲೆ ನಡೆಯುತ್ತೇನಾ?

ಉತ್ತರ: ಭಾರ ಹೊರುವ ವಿಷಯ ಮಾತ್ರ ಆಗಿದ್ದರೆ ನಿಮ್ಮ ಮಾತೇ ಸರಿ. ಆದರೆ ಮೈಯಲ್ಲಿನ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಅದರಲ್ಲೂ ಹೊಟ್ಟೆಯೊಳಗಿನ ಕೊಬ್ಬು ಟಿಎನ್‌ಎಫ್, ಐಎಲ್-6 ಎಂಬ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ಕೀಲಿನ ಒಳಪೊರೆ ಊದಿಕೊಳ್ಳುವುದರಲ್ಲಿ ಮುಖ್ಯ ಕೈವಾಡ ಇವುಗಳದ್ದೇ. ರಕ್ತ ಬೆರಳಿಗೂ ಹರಿಯುತ್ತದಲ್ವಾ?

ಹಾಗಾಗಿ ಬೊಜ್ಜು ಇರುವವರಲ್ಲಿ ಈ ಕಾಯಿಲೆ ಪೂರ್ತಿ ಹತೋಟಿಗೆ ಬರುವುದು ಕಷ್ಟ. ಟಿಎನ್‌ಎಫ್ ತಡೆಯುವ ದುಬಾರಿ ಇಂಜೆಕ್ಷನ್ ಕೂಡ ಅವರಿಗೆ ಅಷ್ಟಾಗಿ ನಾಟುವುದಿಲ್ಲ. ನೋವು, ಸುಸ್ತು ಜಾಸ್ತಿ. ರವಿಕೆ ಹುಕ್ ಹಾಕುವುದು, ಕುರ್ಚಿಯಿಂದ ಏಳುವುದು, ಇಂಥ ಸಣ್ಣ ಕೆಲಸಗಳಲ್ಲೇ ದಿನ ಭಾರವಾಗುತ್ತದೆ. ಮಂಡಿಯ ಕಥೆ ಬೇರೆ. ಮಂಡಿ ಸವೆದ, ತೂಕ ಜಾಸ್ತಿ ಇದ್ದ ಹಿರಿಯರನ್ನು ಅಳೆದು ನೋಡಿದಾಗ, 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿ ಕಡಿಮೆಯಾಗಿತ್ತು. ತೋಟದ ಇಳಿಜಾರಲ್ಲಿ ಓಡಾಡುವವರಿಗೆ ಇದು ಸಣ್ಣ ಲಾಭವಲ್ಲ.

ಎಷ್ಟು ತೂಕ ಜಾಸ್ತಿ ಅನ್ನುತ್ತೀರಾ? ಭಾರತೀಯರಿಗೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. ಎತ್ತರ 155 ಸೆಂ.ಮೀ. ಇದ್ದರೆ ಇದು ಸುಮಾರು 55 ಮತ್ತು 60 ಕೆಜಿ.

ಆದರೆ ತಕ್ಕಡಿಯನ್ನೇ ಪೂರ್ತಿ ನಂಬಬೇಡಿ. ಈ ಕಾಯಿಲೆ ಒಳಗೊಳಗೇ ಮಾಂಸಖಂಡವನ್ನು ಕರಗಿಸುತ್ತದೆ. ತೂಕ ಹಾಗೇ ಇರುತ್ತದೆ, ಮಾಂಸ ಹೋಗಿ ಕೊಬ್ಬು ಬಂದಿರುತ್ತದೆ. ಅದಕ್ಕೇ ಉಪವಾಸ ಬಿದ್ದು ಸಣ್ಣಗಾಗುವುದು ನನಗೆ ಸರಿ ಕಾಣುವುದಿಲ್ಲ. ನೀವು ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡಬೇಡಿ, ಡಾಕ್ಟರಿಗೆ ಹೇಳಿ. ತೀರಾ ಸಣಕಲಾದವರಿಗೂ ಈ ಕಾಯಿಲೆಯಲ್ಲಿ ಅಪಾಯ ಹೆಚ್ಚು.

ಊಟದಲ್ಲಿ ಮೊದಲು ಕಡಿವಾಣ ಹಾಕಬೇಕಾದದ್ದು ಅಕ್ಕಿಗೆ. ಬೆಳಿಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ನೂಲ್‌ಪುಟ್ಟು, ಮೂರು ಹೊತ್ತೂ ಅದೇ. ಒಂದು ಹೊತ್ತು ಅಳತೆ ಇಳಿಸಿ, ಮೊಟ್ಟೆ, ಮೀನು, ಕಾಳು ಹೆಚ್ಚಿಸಿ. ಪಂದಿ ಕರಿ ಬಿಡಿ ಅಂತ ಕೊಡಗಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಕೊಬ್ಬಿನ ತುಂಡು ಬದಿಗಿಟ್ಟು, ತಿನ್ನುವ ದಿನಗಳನ್ನು ಕಡಿಮೆ ಮಾಡಿ. ನಿಮ್ಮ ಮಾತ್ರೆ ಮೆಥೊಟ್ರೆಕ್ಸೇಟ್ ಆಗಿದ್ದರೆ ಮದ್ಯ ಲಿವರ್‌ಗೆ ಕೆಟ್ಟದ್ದು. ಮನೆಯಲ್ಲೇ ಮಾಡಿದ ವೈನ್ ಅಂತ ರಿಯಾಯಿತಿ ಇಲ್ಲ.

ಮಳೆಗಾಲದಲ್ಲಿ ವಾಕಿಂಗ್ ನಿಂತೇ ಹೋಗುತ್ತದೆ. ಆಗ ಜಗಲಿಯಲ್ಲೇ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡಿ. ತೊಡೆಗೆ ಬಲ ಬರುತ್ತದೆ. ಕೀಲು ಊದಿ ಬಿಸಿಯಾಗಿರುವ ದಿನ ಅದಕ್ಕೆ ಜಾಸ್ತಿ ಕೆಲಸ ಕೊಡಬೇಡಿ.

ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಹಸಿವು ಹೆಚ್ಚಾಗಿ ತೂಕ ಏರಬಹುದು. ಅದಕ್ಕೆ ಹೆದರಿ ನೀವೇ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಅಪಾಯ. ಡೋಸ್ ನಿಧಾನವಾಗಿ ಇಳಿಸಬಹುದಾ ಅಂತ ಮುಂದಿನ ಸಲ ಡಾಕ್ಟರನ್ನೇ ಕೇಳಿ.