ವಿಂಬಲ್ಡನ್ ಗೆದ್ದ ಅಲ್ಥಿಯಾ ಗಿಬ್ಸನ್ ದುಡ್ಡೆಲ್ಲ ಏನು ಮಾಡಿಕೊಂಡರು?

ಪ್ರಶ್ನೆ: ಅಮೆರಿಕದ ಟೆನಿಸ್ ಆಟಗಾರ್ತಿ ಅಲ್ಥಿಯಾ ಗಿಬ್ಸನ್ ಎರಡು ಸಲ ವಿಂಬಲ್ಡನ್, ಎರಡು ಸಲ ಅಮೆರಿಕನ್ ಚಾಂಪಿಯನ್ ಆಗಿದ್ದರಂತೆ. ಕೊನೆಗಾಲದಲ್ಲಿ ಮನೆ ಬಾಡಿಗೆಗೂ ಪರದಾಡಿದರಂತೆ. ಗೆದ್ದ ದುಡ್ಡನ್ನೆಲ್ಲ ಹಾಳು ಮಾಡಿಕೊಂಡರೇ?

ಉತ್ತರ: ಇಲ್ಲ. ಹೋದ ವರ್ಷವೂ ಇಲ್ಲ ಅಂತಲೇ ಬರೆದಿದ್ದೆ, ಅದರ ಹಿಂದಿನ ವರ್ಷವೂ. ಮಾವಿನ ಹಣ್ಣು ಮುಗಿದು ವಿಂಬಲ್ಡನ್ ಶುರುವಾಯಿತೆಂದರೆ ಈ ಪ್ರಶ್ನೆ ಹಾಜರ್. ಜೊತೆಗೊಂದು ಉಪದೇಶ ಬೇರೆ: ಆಟಗಾರರಿಗೆ ದುಡ್ಡು ನಿಭಾಯಿಸಲು ಬರುವುದಿಲ್ಲ ಅಂತ. ಸ್ವಾಮಿ, ನಿಭಾಯಿಸುವುದಕ್ಕೆ ಮೊದಲು ದುಡ್ಡು ಕೈಗೆ ಬರಬೇಕಲ್ಲ!

1957ರ ಜುಲೈ 6ರಂದು ಸೆಂಟರ್ ಕೋರ್ಟ್‌ನಲ್ಲಿ ಅಲ್ಥಿಯಾ, ಡಾರ್ಲೀನ್ ಹಾರ್ಡ್ ಅವರನ್ನು 6-3, 6-2ರಿಂದ ಸೋಲಿಸಿದರು. ರಾಣಿ ಎರಡನೇ ಎಲಿಜಬೆತ್ ಕೈಯಾರೆ ಬೆಳ್ಳಿ ತಟ್ಟೆ ಕೊಟ್ಟರು. ಅದರ ಜೊತೆ ಸಿಕ್ಕ ಬಹುಮಾನದ ಮೊತ್ತ ಸೊನ್ನೆ. 'ಆ ಕಾಲಕ್ಕೆ ಅದೇ ದೊಡ್ಡದು' ಎನ್ನುವಂಥ ಸಣ್ಣ ಮೊತ್ತವೂ ಅಲ್ಲ, ಬರೀ ಸೊನ್ನೆ. ಮರುವರ್ಷ ಏಂಜೆಲಾ ಮಾರ್ಟಿಮರ್ ಅವರನ್ನು 8-6, 6-2ರಿಂದ ಸೋಲಿಸಿದಾಗಲೂ ಅಷ್ಟೇ. 1956ರ ಫ್ರೆಂಚ್, 57 ಮತ್ತು 58ರ ಅಮೆರಿಕನ್ ಪ್ರಶಸ್ತಿಗಳಿಗೂ ಅಷ್ಟೇ. ಡಬಲ್ಸ್, ಮಿಕ್ಸೆಡ್ ಎಲ್ಲ ಸೇರಿ ಹನ್ನೊಂದು ಗ್ರ್ಯಾಂಡ್ ಸ್ಲ್ಯಾಮ್. ಹನ್ನೊಂದು ಸೊನ್ನೆ ಕೂಡಿದರೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಯಾಕೆ ಹೀಗೆ? ಆಗ ಈ ದೊಡ್ಡ ಟೂರ್ನಿಗಳೆಲ್ಲ ಹವ್ಯಾಸಿಗಳಿಗೆ ಮಾತ್ರ. ಪ್ರಯಾಣ, ಊಟ, ವಸತಿಯ ಖರ್ಚು ಪಡೆಯಬಹುದಿತ್ತು, ಆಡಿ ಸಂಪಾದಿಸುವಂತಿರಲಿಲ್ಲ. ಸಂಪಾದಿಸಿದರೆ ವಿಂಬಲ್ಡನ್ ಬಾಗಿಲು ಬಂದ್. ನಿಯಮ ಎಷ್ಟು ಬಿಗಿ ಅಂತ ತಿಳಿಯಬೇಕಾದರೆ ಪಾಲಿನ್ ಬೆಟ್ಜ್ ಅವರನ್ನು ನೋಡಿ. 1946ರ ವಿಂಬಲ್ಡನ್ ಚಾಂಪಿಯನ್. ವೃತ್ತಿಪರರಾಗುವ ಬಗ್ಗೆ ವಿಚಾರಿಸಿದ್ದಕ್ಕೇ ಮರುವರ್ಷ ಅಮಾನತು! ದುಡ್ಡು ಮುಟ್ಟಿರಲಿಲ್ಲ, ಮಾತಾಡಿದ್ದಷ್ಟೇ. ವಿಂಬಲ್ಡನ್‌ನಲ್ಲಿ ನಗದು ಬಹುಮಾನ ಬಂದದ್ದು 1968ರಲ್ಲಿ. ಆ ವರ್ಷ ಗೆದ್ದ ರಾಡ್ ಲೇವರ್‌ಗೆ 2000 ಪೌಂಡ್, ಬಿಲ್ಲಿ ಜೀನ್ ಕಿಂಗ್‌ಗೆ 750. ಗಂಡಸರಿಗೂ ಹೆಂಗಸರಿಗೂ ಸಮಾನ ಬಹುಮಾನ ಅಂತಾಗಲು 2007ರವರೆಗೆ ಕಾಯಬೇಕಾಯಿತು. ಅಲ್ಥಿಯಾ ಹವ್ಯಾಸಿ ಟೆನಿಸ್ ಬಿಟ್ಟದ್ದು 1958ರಲ್ಲೇ.

'ಜಾಹೀರಾತು ಇತ್ತಲ್ಲ' ಎಂದು ಇನ್ನೊಬ್ಬರು ಕೇಳುತ್ತಾರೆ. ವಿಂಬಲ್ಡನ್ ಗೆದ್ದು ಬಂದಾಗ ನ್ಯೂಯಾರ್ಕ್‌ನಲ್ಲಿ ತೆರೆದ ಕಾರಿನಲ್ಲಿ ಮೆರವಣಿಗೆ, ಮೇಲಿಂದ ಕಾಗದದ ಚೂರುಗಳ ಮಳೆ. ಅದೇ ಜುಲೈಯಲ್ಲಿ ಟೂರ್ನಿ ಆಡಲೆಂದು ಷಿಕಾಗೊ ಕಡೆ ಹೋದರೆ ಹೋಟೆಲಿನಲ್ಲಿ ಕೋಣೆ ಕೊಡಲಿಲ್ಲ, ಕರಿಯರು ಅಂತ. ಕೋಣೆಯನ್ನೇ ಕೊಡದ ನಾಡು ಸೋಪಿನ ಜಾಹೀರಾತಿಗೆ ಕರೆಯುತ್ತದೆಯೇ?

ಸಂಪಾದನೆಗೆ ಅವರು ಪಟ್ಟ ಪಾಡು ಒಂದೆರಡಲ್ಲ. ಹಾಡಿನ ರೆಕಾರ್ಡು ತಂದರು, ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದರು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಟಕ್ಕೆ ಬಂದ ಜನರ ಮುಂದೆ, ಅದೇ ಅಂಕಣದಲ್ಲಿ ನೆಟ್ ಕಟ್ಟಿ, ಕ್ಯಾರೊಲ್ ಫೇಜರೋಸ್ ಜೊತೆ ಊರೂರಲ್ಲಿ ಪ್ರದರ್ಶನ ಪಂದ್ಯ ಆಡಿದರು. ಅಲ್ಲಿ ಒಳ್ಳೆಯ ದುಡ್ಡು ಕಂಡರು. ಅದನ್ನು ಹೂಡಿ ತಮ್ಮದೇ ಪ್ರವಾಸ ಏರ್ಪಡಿಸಿ ಕೈಸುಟ್ಟುಕೊಂಡದ್ದು ನಿಜ, ಮುಚ್ಚಿಡುವುದಿಲ್ಲ. ಆದರೆ ಅದನ್ನು ಬೇಜವಾಬ್ದಾರಿ ಅನ್ನುವವರು ಆಗ ಬೇರೇನು ದಾರಿಯಿತ್ತು ಅಂತಲೂ ಹೇಳಲಿ. ಆಮೇಲೆ ಗಾಲ್ಫ್ ಕಲಿತು 1964ರಲ್ಲಿ ವೃತ್ತಿಪರ ಮಹಿಳಾ ಗಾಲ್ಫರ್‌ಗಳ ಸಂಘವಾದ ಎಲ್‌ಪಿಜಿಎ ಸೇರಿದರು; ಅಲ್ಲಿಗೆ ಬಂದ ಮೊದಲ ಕರಿಯ ಮಹಿಳೆ ಅವರೇ. ಕೆಲವು ಕ್ಲಬ್ಬುಗಳಲ್ಲಿ ಒಳಗೆ ಬಿಡದೆ, ಕಾರಿನಲ್ಲೇ ಕೂತು ಶೂ ಬದಲಿಸಿಕೊಳ್ಳಬೇಕಾಗುತ್ತಿತ್ತು.

(ವಿಂಬಲ್ಡನ್ ಗೆದ್ದ ಮೊದಲ ಕರಿಯರು ಆರ್ಥರ್ ಆಶ್ ಅಂತ ಕ್ವಿಜ್‌ನಲ್ಲಿ ಬರೆಯುವವರಿಗೆ: ಆಶ್ ಗೆದ್ದದ್ದು 1975ರಲ್ಲಿ. ಗಂಡಸರಲ್ಲಿ ಮೊದಲಿಗರು, ಅಷ್ಟೇ.)

ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಈ ಕತೆಯಲ್ಲಿ ನಮ್ಮ ದಿಲ್ಲಿಯೂ ಬರುತ್ತದೆ. 1955ರಲ್ಲಿ ಅಲ್ಥಿಯಾ ಟೆನಿಸ್ ಸಾಕೆನಿಸಿ ಸೈನ್ಯ ಸೇರುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಅವರನ್ನು ಸದ್ಭಾವನಾ ತಂಡದಲ್ಲಿ ಏಷ್ಯಾ ಪ್ರವಾಸಕ್ಕೆ ಕಳಿಸಿತು. ದಿಲ್ಲಿಯ ಟೂರ್ನಿಯಲ್ಲಿ ಏಂಜೆಲಾ ಬಕ್ಸ್‌ಟನ್ ಪರಿಚಯವಾಯಿತು. ಲಿವರ್‌ಪೂಲ್‌ನ ಯಹೂದಿ ಹುಡುಗಿ. ತನ್ನ ದೇಶದ ಕ್ಲಬ್ಬುಗಳಲ್ಲಿ ಆಕೆಯೂ ಹೊರಗಿನವಳೇ. ಜೊತೆಗಾರರಿಲ್ಲದ ಇಬ್ಬರೂ ಜೊತೆಯಾದರು. 1956ರಲ್ಲಿ ಫ್ರೆಂಚ್ ಡಬಲ್ಸ್, ವಿಂಬಲ್ಡನ್ ಡಬಲ್ಸ್ ಎರಡನ್ನೂ ಗೆದ್ದರು.

ಸುಮಾರು ನಲವತ್ತು ವರ್ಷದ ನಂತರ, ಪಾರ್ಶ್ವವಾಯು ಹೊಡೆದು, ಔಷಧಿಗೂ ಬಾಡಿಗೆಗೂ ಕಾಸಿಲ್ಲದೆ ಅಲ್ಥಿಯಾ ಫೋನ್ ಮಾಡಿದ್ದು ಇದೇ ಬಕ್ಸ್‌ಟನ್‌ಗೆ. ಬಕ್ಸ್‌ಟನ್ ಮೊದಲು ಬಾಡಿಗೆ ಕಳಿಸಿದರು. ಆಮೇಲೆ, ಅಲ್ಥಿಯಾಗೆ ಹೇಳದೆಯೇ, ಒಂದು ಟೆನಿಸ್ ಪತ್ರಿಕೆಯಲ್ಲಿ ಅವರ ಪರಿಸ್ಥಿತಿ ತಿಳಿಸುವ ಪತ್ರ ಬರುವಂತೆ ನೋಡಿಕೊಂಡರು. ಸ್ವಲ್ಪ ದಿನಕ್ಕೆ ಲೋಕದ ಬೇರೆ ಬೇರೆ ಕಡೆಯಿಂದ ನ್ಯೂಜೆರ್ಸಿಯ ಆ ಮನೆಗೆ ಲಕೋಟೆಗಳು ಬರತೊಡಗಿದವು, ಒಳಗೆ ಚೆಕ್ಕು ಇಟ್ಟುಕೊಂಡು.