ಫ್ರೈಹೆರ್ ಅಂದರೆ ಹೆಸರಲ್ಲ

ಮೊನ್ನೆ ಮತ್ತೊಂದು ಬರಹದಲ್ಲಿ ಕಣ್ಣಿಗೆ ಬಿತ್ತು. ಫಿರಂಗಿ ಗುಂಡಿನ ಮೇಲೆ ಕೂತು ಹಾರಿದ ಕತೆಯ ಮುಂಚೌಸೆನ್‌ನನ್ನು ಉದ್ದಕ್ಕೂ 'ಫ್ರೈಹೆರ್ ಅವರು' ಎಂದೇ ಕರೆದಿದ್ದರು. ಈ ತಪ್ಪು ಜಾಸ್ತಿಯಾಗುತ್ತಿದೆ. ಆತನ ಪೂರ್ತಿ ಹೆಸರು ಹಿರೋನಿಮಸ್ ಕಾರ್ಲ್ ಫ್ರೀಡ್ರಿಶ್ ಫ್ರೈಹೆರ್ ಫಾನ್ ಮುಂಚೌಸೆನ್. ಮೊದಲ ಮೂರು ಅವನ ಹೆಸರು, ಕೊನೆಯದು ಮನೆತನ, ಅದರ ಹಿಂದಿನ 'ಫಾನ್' ಕುಲೀನ ಮನೆತನದ ಗುರುತು. ಫ್ರೈಹೆರ್ ಅವನ ಪದವಿ.

'ಫ್ರೈ' ಎಂದರೆ ಸ್ವತಂತ್ರ, 'ಹೆರ್' ಎಂದರೆ ಒಡೆಯ. ಒಡೆಯ ಅಂದಮೇಲೆ ಸ್ವತಂತ್ರನೇ ಅಲ್ವಾ, ಮತ್ತೆ ಯಾಕೆ ಹೇಳಬೇಕು? ಯಾಕೆಂದರೆ ಮಧ್ಯಯುಗದ ಜರ್ಮನಿಯಲ್ಲಿ ಕುದುರೆ, ಕತ್ತಿ, ಕೋಟೆ ಇದ್ದ ಎಷ್ಟೋ ಸರದಾರರು ಕಾನೂನಿನ ಪ್ರಕಾರ ಸ್ವತಂತ್ರರಾಗಿರಲಿಲ್ಲ. ದೊರೆಯ ಊಳಿಗಕ್ಕೆ ಕಟ್ಟುಬಿದ್ದವರು ಅವರು. ಹಾಗೆ ಕಟ್ಟುಬೀಳದ ಒಡೆಯನೇ ಫ್ರೈಹೆರ್. 'ಹೆರ್' ಇನ್ನೂ ಸೊಗಸು. ಹಳೆಯ ಜರ್ಮನ್‌ನಲ್ಲಿ 'ಹೇರ್' ಎಂದರೆ ತಲೆ ನರೆತವನು, ಗೌರವಸ್ಥ. ಅವನಿಗಿಂತ ದೊಡ್ಡವನು ಎಂಬ ರೂಪವೇ ಸವೆದು 'ಹೆರ್' ಆಯಿತು. ಅಂದರೆ ನಮ್ಮ 'ಹಿರಿಯ' ಎಂಬ ಅರ್ಥವೇ. ಸದ್ದು ಹೋಲುತ್ತದೆ ಅಂತ ಎರಡಕ್ಕೂ ನೆಂಟಸ್ತಿಕೆ ಕಟ್ಟಬೇಡಿ, ಅದು ಬರೀ ಕಾಕತಾಳೀಯ.

ಫ್ರೈಹೆರ್ ಅನ್ನು ಬ್ಯಾರನ್ (ಯುರೋಪಿನ ಇನ್ನೊಂದು ಕುಲೀನ ಪದವಿ) ಎನ್ನುವುದು ತಪ್ಪಲ್ಲ. ಎದುರಿಗೆ ಮಾತಾಡಿಸುವಾಗ ಜರ್ಮನರೇ ಹಾಗೆ ಕರೆಯುತ್ತಿದ್ದರು. ಆದರೆ ಇಂಗ್ಲೆಂಡಿನ ಬ್ಯಾರನ್ ಪದವಿಯನ್ನು ತಲೆಯಲ್ಲಿಟ್ಟುಕೊಂಡರೆ ದಾರಿ ತಪ್ಪುತ್ತೀರಿ. ಅಲ್ಲಿ ಪದವಿ ಸಾಮಾನ್ಯವಾಗಿ ಹಿರಿಯ ಮಗನಿಗೊಬ್ಬನಿಗೇ. ಜರ್ಮನಿಯಲ್ಲಿ ಫ್ರೈಹೆರ್ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲ ಫ್ರೈಹೆರ್ ಆಗುತ್ತಿದ್ದರು. ಹೆಂಡತಿ ಫ್ರೈಫ್ರೌ, ಮದುವೆಯಾಗದ ಮಗಳು ಫ್ರೈಯಿನ್. ಗ್ಯೋಟಿಂಗೆನ್ ವಿಶ್ವವಿದ್ಯಾಲಯ ಕಟ್ಟಿಸಿದ ಮಂತ್ರಿ ಗೆರ್ಲಾಖ್ ಅಡಾಲ್ಫ್ ಕೂಡ ಇದೇ ಮನೆತನದ ಫ್ರೈಹೆರ್. ಹಾಗಾಗಿ 'ಮುಂಚೌಸೆನ್ ಪದವಿಗೆ ಏರಿದ' ಎಂಬ ಮಾತಿಗೆ ಅರ್ಥವೇ ಇಲ್ಲ. ಅದು ಹುಟ್ಟಿನಿಂದ ಬಂದದ್ದು.

ಅವನ ಬದುಕು ನೋಡಿದರೆ ಈ ಪದವಿಯ ನಿಜವಾದ ಅಳತೆ ಗೊತ್ತಾಗುತ್ತದೆ. 1720ರಲ್ಲಿ ವೇಸರ್ ನದಿಯ ದಂಡೆಯ ಬೋಡೆನ್‌ವೆರ್ಡರ್ ಎಂಬ ಸಣ್ಣ ಊರಲ್ಲಿ ಹುಟ್ಟಿದ. ಹುಡುಗನಿದ್ದಾಗ ಬ್ರೌನ್‌ಶ್ವೈಗ್ ರಾಜಮನೆತನದ ಸೇವೆಗೆ ಸೇರಿದ, ಅಲ್ಲಿಂದ ರಷ್ಯಾ ಸೇನೆಗೆ ಹೋದ. 1744ರಲ್ಲಿ ರೀಗಾ ಕಡೆಯ ಜಾಕೊಬೀನ್ ಫಾನ್ ಡುಂಟೆನ್‌ಳನ್ನು ಮದುವೆಯಾದ. 1750ರಲ್ಲಿ ಕುದುರೆ ಪಡೆಯ ಕ್ಯಾಪ್ಟನ್ ಆಗಿ, ಊರಿಗೆ ಬಂದು ಜಮೀನು, ಬೇಟೆ, ನೆಂಟರು ಅಂತ ಇದ್ದುಬಿಟ್ಟ. ರಾಜ್ಯವೂ ಇಲ್ಲ, ಸಿಂಹಾಸನವೂ ಇಲ್ಲ. ಅವನನ್ನು 'ರಾಜಕುಮಾರ' ಅಂತ ಬರೆಯುವವರು ದಯವಿಟ್ಟು ಇದನ್ನು ಗಮನಿಸಬೇಕು. ಊಟದ ಹೊತ್ತಿಗೆ ಅವನು ಹೇಳುತ್ತಿದ್ದ ಬಣ್ಣದ ಕತೆಗಳು 1785ರಲ್ಲಿ ಅವನನ್ನು ಕೇಳದೆಯೇ ಲಂಡನ್ನಿನಲ್ಲಿ ಅಚ್ಚಾದವು. ಮಕ್ಕಳಿರಲಿಲ್ಲ. 1790ರಲ್ಲಿ ಹೆಂಡತಿ ತೀರಿಕೊಂಡಳು. 73ನೇ ವಯಸ್ಸಿನಲ್ಲಿ ತನಗಿಂತ ತೀರಾ ಚಿಕ್ಕವಳಾದ ಹೆಣ್ಣೊಬ್ಬಳನ್ನು ಮದುವೆಯಾದ. ಅದು ಕೋರ್ಟಿನ ಜಗಳದಲ್ಲಿ ಮುಗಿಯಿತು. 1797ರಲ್ಲಿ ಸತ್ತ.

ಒಂದು ವಿಷಯ ಮಾತ್ರ ಸೇರಿಸಲೇಬೇಕು. ಜರ್ಮನಿಯ 1919ರ ಸಂವಿಧಾನ (ವೈಮಾರ್ ಸಂವಿಧಾನ) ಕುಲೀನ ಪದವಿಗಳನ್ನು ಹೆಸರಿನ ಭಾಗ ಮಾತ್ರ ಮಾಡಿತು. ಹಾಗಾಗಿ ಇವತ್ತಿನ ಜರ್ಮನ್ ಪಾಸ್‌ಪೋರ್ಟಿನಲ್ಲಿ ಫ್ರೈಹೆರ್ ಕಂಡರೆ ಅದು ಕುಲನಾಮದ ತುಂಡು. ಆಗಲೂ ಕರೆಯುವ ಹೆಸರಲ್ಲ. ಆಸ್ಟ್ರಿಯಾ ಅದೇ ವರ್ಷ ಇನ್ನೂ ಮುಂದೆ ಹೋಗಿ 'ಫಾನ್' ಸಮೇತ ಎಲ್ಲವನ್ನೂ ತೆಗೆದುಹಾಕಿತು.